ಮನೆಯ ಗ್ಯಾರೇಜಿನ ಸಾಕೆಟ್ಟಿಗೆ ಟ್ರಾವೆಲ್ ಟ್ರೇಲರ್ ಜೋಡಿಸಿದರೆ ಕರೆಂಟು ಟ್ರಿಪ್ ಆಗುತ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಕಾರಣವೇನಿರಬಹುದು?

ಸ್ಯಾಕ್ರಮೆಂಟೊ ಸಂಚಾರಿ:
ಎಲ್ಲರಿಗೂ ನಮಸ್ಕಾರ. ನಾವು ಈಚೆಗೆ 24 ಅಡಿ ಉದ್ದದ ಒಂದು ಟ್ರಾವೆಲ್ ಟ್ರೇಲರನ್ನು (ವಾಹನದ ಹಿಂದೆ ಎಳೆದೊಯ್ಯುವ ಪುಟ್ಟ ಮನೆ) ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು ಮನೆಯ ಪಕ್ಕದಲ್ಲಿ ನಿಲ್ಲಿಸಿದ್ದೇವೆ. ಅದರ ದಪ್ಪ ಕೇಬಲ್ಲಿನ ತುದಿಯಲ್ಲಿ 30 ಆಂಪ್ ಪ್ಲಗ್ ಇದೆ. ಅದಕ್ಕೊಂದು ಅಡಾಪ್ಟರ್ ಹಾಕಿ ಗ್ಯಾರೇಜಿನ ಸಾಮಾನ್ಯ 15 ಆಂಪ್ ಸಾಕೆಟ್ಟಿಗೆ ಜೋಡಿಸುತ್ತಿದ್ದೇನೆ.

ಎರಡು ಸಂಗತಿಗಳು ನನಗೆ ಅರ್ಥವಾಗುತ್ತಿಲ್ಲ. ಮೊದಲನೆಯದು, ದೀಪ ಮತ್ತು ಫ್ರಿಜ್ ಮಾತ್ರ ನಡೆಯುತ್ತಿರುವಾಗ ಗಂಟೆಗಟ್ಟಲೆ ಏನೂ ಆಗುವುದಿಲ್ಲ, ಆದರೆ ಮೈಕ್ರೋವೇವ್ ಚಾಲೂ ಮಾಡಿದ ಕೂಡಲೇ ಗ್ಯಾರೇಜಿನ ಜಿಎಫ್‌ಸಿಐ ಸಾಕೆಟ್ (ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ ಸಾಕೆಟ್) ಟ್ರಿಪ್ ಆಗುತ್ತದೆ. ಎರಡನೆಯದು, ಇಡೀ ವಾರ ಪ್ಲಗ್ ಹಾಕಿಟ್ಟರೂ, ಒಳಗಿನ ದೀಪಗಳೆಲ್ಲ ಚೆನ್ನಾಗಿ ಉರಿಯುತ್ತಿದ್ದರೂ, ಪ್ಲಗ್ ಕಿತ್ತ ಕೂಡಲೇ ದೀಪಗಳು ಆರಿಹೋಗುತ್ತವೆ. ಬ್ಯಾಟರಿ ಹೊಸದು, ಟ್ರೇಲರ್ ಕೊಂಡಾಗಲೇ ಒಂದು ಅಂಗಡಿಯವರು ಹಾಕಿಕೊಟ್ಟದ್ದು.

ಮುಂದಿನ ತಿಂಗಳು ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಾರೆ. ಅವರನ್ನು ಲಾಸೆನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುವ ಆಸೆ ಇದೆ. ಅಲ್ಲಿನ ಶಿಬಿರತಾಣದಲ್ಲಿ ವಿದ್ಯುತ್ ಸಂಪರ್ಕ ಇಲ್ಲದಿರುವುದರಿಂದ ಬ್ಯಾಟರಿಯನ್ನೇ ನಂಬಬೇಕು. ಹೊರಡುವ ಮುನ್ನ ಮನೆಯಲ್ಲೇ ಎಸಿ ಹಾಕಿ ಟ್ರೇಲರನ್ನು ತಂಪು ಮಾಡಿಕೊಳ್ಳಬಹುದೇ ಎಂಬುದನ್ನೂ ತಿಳಿದವರು ಹೇಳಿ.

ಕೊಡಚಾದ್ರಿ:
ಮೈಕ್ರೋವೇವ್ ಕೆಟ್ಟಿದೆ. ಬೇರೆ ತಂದು ಹಾಕಿ ನೋಡಿ.

ತುಂಗಾತೀರ:
ಕೊಡಚಾದ್ರಿಯವರೆ, ಪರೀಕ್ಷಿಸದೆ ಹಾಗೆ ತೀರ್ಮಾನಿಸುವುದು ಸರಿಯಲ್ಲ. ಸಂಚಾರಿಯವರೆ, ಮೊದಲು ನಿಮ್ಮ ಟ್ರೇಲರಿನಲ್ಲಿ ಎರಡು ಬೇರೆ ಬೇರೆ ವಿದ್ಯುತ್ ವ್ಯವಸ್ಥೆಗಳಿವೆ ಎಂಬುದನ್ನು ಗಮನಿಸಿ. ಹೊರಗಿನ ಪ್ಲಗ್ಗಿನಿಂದ ಬರುವ 120 ವೋಲ್ಟಿನ ಪರ್ಯಾಯ (ಎಸಿ) ವಿದ್ಯುತ್ತು ಏರ್ ಕಂಡಿಷನರ್, ಮೈಕ್ರೋವೇವ್, ಗೋಡೆಯ ಸಾಕೆಟ್ಟುಗಳು, ನೀರು ಕಾಯಿಸುವ ಹೀಟರಿನ ಕಾಯಿಲ್ ಮತ್ತು ಫ್ರಿಜ್ಜಿನ ವಿದ್ಯುತ್ ಭಾಗಕ್ಕೆ ಹೋಗುತ್ತದೆ. ದೀಪ, ನೀರಿನ ಪಂಪು, ಫರ್ನೇಸಿನ ಫ್ಯಾನು, ಗ್ಯಾಸ್ ಸೋರಿಕೆಯ ಸೂಚಕ, ಫ್ರಿಜ್ಜಿನ ನಿಯಂತ್ರಣ ಫಲಕ ಇವೆಲ್ಲ ಯಾವಾಗಲೂ 12 ವೋಲ್ಟ್ ಡಿಸಿಯಲ್ಲೇ ನಡೆಯುತ್ತವೆ. ಫ್ರಿಜ್ಜನ್ನು ಗ್ಯಾಸಿನಲ್ಲಿ ನಡೆಸಿದರೂ ಅದರ ಫಲಕಕ್ಕೆ 12 ವೋಲ್ಟ್ ಬೇಕೇ ಬೇಕು.

ಇವೆರಡರ ನಡುವಿನ ಸೇತುವೆ ಕನ್ವರ್ಟರ್. ಅದು 120 ವೋಲ್ಟನ್ನು ಸುಮಾರು 13.6 ವೋಲ್ಟಿಗೆ ಇಳಿಸಿ ಒಂದೆಡೆ ದೀಪಗಳನ್ನು ಉರಿಸುತ್ತದೆ, ಇನ್ನೊಂದೆಡೆ ಬ್ಯಾಟರಿಯನ್ನು ತುಂಬುತ್ತದೆ. ನಿಮ್ಮ ದೀಪಗಳು ಉರಿಯುತ್ತಿವೆ ಎಂದರೆ ಕನ್ವರ್ಟರ್ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಆ ವಿದ್ಯುತ್ತು ಬ್ಯಾಟರಿಯನ್ನು ತಲುಪುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಪ್ಲಗ್ ಹಾಕಿದ ಸ್ಥಿತಿಯಲ್ಲಿ ಬ್ಯಾಟರಿಯ ಎರಡು ಟರ್ಮಿನಲ್ಲುಗಳ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. 13.2ರಿಂದ 14.4ರ ಒಳಗೆ ಇರಬೇಕು. 12ರ ಆಸುಪಾಸಿನಲ್ಲೇ ನಿಂತಿದ್ದರೆ ಕನ್ವರ್ಟರಿಗೂ ಬ್ಯಾಟರಿಗೂ ನಡುವೆ ಎಲ್ಲೋ ಸಂಪರ್ಕ ಕಡಿದಿದೆ.

ಟ್ರಿಪ್ ಆಗುವುದರ ಬಗ್ಗೆ ಒಂದು ಪ್ರಶ್ನೆ. ಆಗ ಮನೆಯ ಪ್ಯಾನೆಲ್ಲಿನ ಬ್ರೇಕರ್ ಬೀಳುತ್ತದೆಯೇ, ಅಥವಾ ಸಾಕೆಟ್ಟಿನ ಮೇಲಿರುವ ಜಿಎಫ್‌ಸಿಐ ಮಾತ್ರವೇ? ಹೊರೆ ಹೆಚ್ಚಾದರೆ ಬೀಳುವುದು ಬ್ರೇಕರ್. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ಹಿಂದಿರುಗದೆ ಸುಮಾರು 5 ಮಿಲಿಆಂಪ್‌ನಷ್ಟು ಎಲ್ಲೋ ಸೋರಿಹೋದರೆ ಬೀಳುವುದು ಜಿಎಫ್‌ಸಿಐ.

ಸ್ಯಾಕ್ರಮೆಂಟೊ ಸಂಚಾರಿ:
ಜಿಎಫ್‌ಸಿಐ ಮಾತ್ರ ಬೀಳುತ್ತದೆ, ಬ್ರೇಕರ್ ಹಾಗೆಯೇ ಇರುತ್ತದೆ. ಮಲ್ಟಿಮೀಟರನ್ನು ಇಂದು ಸಂಜೆ ತರುತ್ತೇನೆ.

ಬೇಲೂರ್ ಬಾಯ್:
ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಟ್ರೇಲರುಗಳಿಗೂ ಜಿಎಫ್‌ಸಿಐಗೂ ಹೊಂದಾಣಿಕೆ ಆಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ತೆಗೆದು ಮಾಮೂಲಿ ಸಾಕೆಟ್ ಹಾಕಿಬಿಡಿ, ತೊಂದರೆ ಮುಗಿಯುತ್ತದೆ.

ಅರಿಜೋನಾ ಅಕ್ಕ:
ಬೇಲೂರಿನ ತಮ್ಮಾ, ದಯವಿಟ್ಟು ಈ ಸಲಹೆಯನ್ನು ಯಾರಿಗೂ ಕೊಡಬೇಡ. ಟ್ರೇಲರಿನ ಚಾಸಿ ಮತ್ತು ಹೊರಮೈಯ ಅಲ್ಯೂಮಿನಿಯಂ ತಗಡು ಎಲ್ಲವೂ ಲೋಹ, ಅವು ರಬ್ಬರ್ ಟಯರುಗಳ ಮೇಲೆ ನಿಂತಿವೆ. ಒಳಗೆ ಎಲ್ಲಾದರೂ ಫೇಸ್ ಸೋರಿ, ಅದೇ ಹೊತ್ತಿಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಇಡೀ ಟ್ರೇಲರಿನ ಮೈಗೆ ಕರೆಂಟು ಬರುತ್ತದೆ. ಒಳಗೆ ಕುಳಿತವರಿಗೆ ಏನೂ ಗೊತ್ತಾಗುವುದಿಲ್ಲ. ಹೊರಗೆ ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಬಾಗಿಲ ಹಿಡಿಕೆ ಮುಟ್ಟಿದವರಿಗೆ ಹೊಡೆಯುತ್ತದೆ. ಇಲ್ಲಿ ಇದಕ್ಕೆ ಹಾಟ್ ಸ್ಕಿನ್ ಎನ್ನುತ್ತಾರೆ, ಇದರಿಂದ ಜನ ಸತ್ತಿದ್ದಾರೆ. ಅಮೆರಿಕದ ವಿದ್ಯುತ್ ಸಂಹಿತೆ 1973ರಿಂದ ಮನೆಯ ಹೊರಾಂಗಣದ ಸಾಕೆಟ್ಟುಗಳಿಗೆ, 1978ರಿಂದ ಗ್ಯಾರೇಜಿನವಕ್ಕೆ ಜಿಎಫ್‌ಸಿಐ ಕಡ್ಡಾಯ ಮಾಡಿರುವುದು ಇಂಥ ಅಪಾಯ ತಪ್ಪಿಸಲೆಂದೇ.

ಸಂಚಾರಿಯವರ ಮನೆಗೆ ಬರುವವರು ವಯಸ್ಸಾದ ತಂದೆ ತಾಯಿ. ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ ಬರಿಗಾಲಲ್ಲಿ ಓಡಾಡುವ ಅಭ್ಯಾಸ ನಮ್ಮ ಹಿರಿಯರಿಗೆ ಇರುತ್ತದೆ. ಜಿಎಫ್‌ಸಿಐನ ಆ ಪುಟ್ಟ ಗುಂಡಿ ಹೊರಗೆ ಚಿಮ್ಮುತ್ತಿದೆ ಎಂದರೆ ಅದು ಏನನ್ನೋ ಕಂಡುಹಿಡಿದಿದೆ. ಅದು ಕಂಡದ್ದನ್ನು ನಾವೂ ಹುಡುಕಬೇಕು.

ಕೊಡಚಾದ್ರಿ:
ಅಕ್ಕ ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಮುಟ್ಟದೆಯೇ ವೋಲ್ಟೇಜ್ ತೋರಿಸುವ ಪೆನ್ನಿನಂಥ ಟೆಸ್ಟರ್ ಸಿಗುತ್ತದೆ. ಪ್ಲಗ್ ಹಾಕಿದ ಮೇಲೆ ಪ್ರತಿ ಸಲವೂ ಟ್ರೇಲರಿನ ಮೆಟ್ಟಿಲ ಹತ್ತಿರ ಅದನ್ನು ಹಿಡಿದು ನೋಡಿ, ಆಮೇಲೆ ಕೈಯಿಡಿ.

ಮೈಸೂರು ಮಲ್ಲಿಗೆ:
ಮೈಸೂರಿನಿಂದ ಓದುತ್ತಿದ್ದೇನೆ, ಒಂದು ಸಂದೇಹ ಇದೆ. ನಮ್ಮ ಮನೆಗಳಲ್ಲಿ ಸೋರಿಕೆ ತಡೆಯಲು ಹಾಕುವ ಆರ್‌ಸಿಸಿಬಿ ಸ್ವಿಚ್ಚು ಸಾಮಾನ್ಯವಾಗಿ 30 ಮಿಲಿಆಂಪ್‌ನದು. ಅಲ್ಲಿ 5ಕ್ಕೇ ಬೀಳುತ್ತದೆ ಎನ್ನುತ್ತೀರಿ. ಹಾಗಿದ್ದರೆ ಸುಮ್ಮಸುಮ್ಮನೆ ಬೀಳುವುದೂ ಹೆಚ್ಚಲ್ಲವೇ? ಜೊತೆಗೆ, 30 ಆಂಪ್ ಎಂದರೆ ನಮಗೆ ಬಹಳ ದೊಡ್ಡದಾಗಿ ಕೇಳಿಸುತ್ತದೆ.

ತುಂಗಾತೀರ:
ಒಳ್ಳೆಯ ಪ್ರಶ್ನೆ, ಮೇಡಂ. ಮನೆಯ ಆರ್‌ಸಿಸಿಬಿ ಎಷ್ಟೋ ಕಡೆ ಇಡೀ ಮನೆಗೆ ಒಂದೇ ಇರುತ್ತದೆ. ಎಲ್ಲ ಉಪಕರಣಗಳ ಸಣ್ಣಪುಟ್ಟ ಸೋರಿಕೆ ಅದರಲ್ಲೇ ಕೂಡುವುದರಿಂದ 5 ಮಿಲಿಆಂಪ್ ಇಟ್ಟರೆ ಮನೆ ನಡೆಯುವುದಿಲ್ಲ. ಇಲ್ಲಿ ಜಿಎಫ್‌ಸಿಐ ಒಂದೊಂದು ಸಾಕೆಟ್ಟಿಗೋ ಒಂದು ಸಾಲಿಗೋ ಇರುತ್ತದೆ. ಕರೆಂಟು ಹಿಡಿದ ಕೈಯನ್ನು ಮನುಷ್ಯ ತಾನೇ ಬಿಡಿಸಿಕೊಳ್ಳಬಲ್ಲ ಮಿತಿಯೊಳಗೇ ಅದು ಬೀಳಬೇಕೆಂದು ಆ ಅಳತೆ. ಆದರೆ ಟ್ರೇಲರ್ ಎಂಬುದು ಒಂದು ಪುಟ್ಟ ಮನೆಯೇ ಆದ್ದರಿಂದ, ನೀವು ಹೇಳಿದಂತೆ ಹಲವು ಸಣ್ಣ ಸೋರಿಕೆಗಳು ಸೇರಿ ಟ್ರಿಪ್ ಆಗುವುದೂ ಉಂಟು.

30 ಆಂಪ್ ಕೇಳಲು ದೊಡ್ಡದು, ಆದರೆ ವೋಲ್ಟೇಜ್ 120 ಮಾತ್ರ. ಗುಣಿಸಿದರೆ 3,600 ವ್ಯಾಟ್. ನಿಮ್ಮ ಬಚ್ಚಲುಮನೆಯ ಗೀಸರಿನ 16 ಆಂಪ್ ಪಾಯಿಂಟು 230 ವೋಲ್ಟಿನಲ್ಲಿ 3,680 ವ್ಯಾಟ್ ಕೊಡುತ್ತದೆ. ಇಡೀ ಟ್ರೇಲರ್ ಒಂದು ಗೀಸರ್ ಪಾಯಿಂಟಿನಲ್ಲಿ ಬದುಕಬೇಕು. ಸಂಚಾರಿಯವರು ಈಗ ಬಳಸುತ್ತಿರುವ ಗ್ಯಾರೇಜಿನ ಸಾಕೆಟ್ಟಿನಲ್ಲಿ ಅದರ ಅರ್ಧ ಮಾತ್ರ, ಅಂದರೆ 1,800 ವ್ಯಾಟ್ ಸಿಗುತ್ತದೆ. ಗಂಟೆಗಟ್ಟಲೆ ಎಳೆಯುವುದಾದರೆ 80 ಶೇಕಡಾ ದಾಟಬಾರದು. ಅಂದರೆ 12 ಆಂಪ್, 1,440 ವ್ಯಾಟ್.

ಲೀಡ್ಸ್ ಕನ್ನಡಿಗ:
ಇಂಗ್ಲೆಂಡಿನ ಕ್ಯಾರವಾನುಗಳಿಗೆ ನೀಲಿ ಬಣ್ಣದ ದುಂಡನೆಯ 16 ಆಂಪ್ ಪ್ಲಗ್ ಇರುತ್ತದೆ, 30 ಮಿಲಿಆಂಪ್‌ನ ಆರ್‌ಸಿಡಿ (ಆರ್‌ಸಿಸಿಬಿಯಂಥದೇ ಸಾಧನ) ಕ್ಯಾರವಾನಿನೊಳಗೇ ಇರುತ್ತದೆ. ಕೇಬಲ್ಲನ್ನು ಸುರುಳಿಯಲ್ಲೇ ಬಿಟ್ಟು ಹೀಟರ್ ಹಾಕಬೇಡಿ, ಪೂರ್ತಿ ಬಿಚ್ಚಿ ಹರಡಿ ಎಂದು ಇಲ್ಲಿ ಮೊದಲ ದಿನವೇ ಹೇಳಿಕೊಡುತ್ತಾರೆ. ಸುರುಳಿಯ ಒಳಪದರಗಳಲ್ಲಿ ಶಾಖ ಹೊರಹೋಗದೆ ಪ್ಲಾಸ್ಟಿಕ್ ಕರಗುತ್ತದೆ. ಈ ಮಾತು ನಿಮ್ಮಲ್ಲಿಗೂ ಅನ್ವಯಿಸುತ್ತದೆ.

ಸ್ಯಾಕ್ರಮೆಂಟೊ ಸಂಚಾರಿ:
ಮಲ್ಟಿಮೀಟರ್ ತಂದೆ. ಪ್ಲಗ್ ಹಾಕಿದಾಗ ಬ್ಯಾಟರಿಯ ಮೇಲೆ 11.9 ವೋಲ್ಟ್ ಮಾತ್ರ ಇದೆ. ಬ್ಯಾಟರಿಯ ಸಂಪರ್ಕ ಕಡಿದಿಡುವ ಡಿಸ್‌ಕನೆಕ್ಟ್ ಸ್ವಿಚ್ಚು ಸರಿಯಾಗಿಯೇ ಇದೆ.

ಮೈಕ್ರೋವೇವನ್ನು ಕಳಚಿ ಅಡುಗೆಮನೆಯ ಜಿಎಫ್‌ಸಿಐ ಸಾಕೆಟ್ಟಿಗೆ ಹಾಕಿದರೆ ಯಾವ ತೊಂದರೆಯೂ ಇಲ್ಲದೆ ನಡೆಯಿತು. ಆಮೇಲೆ ಟ್ರೇಲರಿನ ಸಾಕೆಟ್ಟಿಗೆ ಹೇರ್ ಡ್ರೈಯರ್ ಹಾಕಿದೆ. ಜೋರಾಗಿ ಇಟ್ಟರೆ ತಕ್ಷಣ ಟ್ರಿಪ್ ಆಗುತ್ತದೆ, ನಿಧಾನದಲ್ಲಿ ಇಟ್ಟರೆ ಕೆಲವು ಸಲ ತಡೆಯುತ್ತದೆ. ಟ್ರೇಲರಿನೊಳಗಿನ ಮಿಕ್ಕ ಬ್ರೇಕರುಗಳನ್ನೆಲ್ಲ ಆಫ್ ಮಾಡಿ ಡ್ರೈಯರಿನ ಸಾಲೊಂದನ್ನೇ ಬಿಟ್ಟರೂ ಫಲಿತಾಂಶ ಅದೇ. ಹಾಗಾದರೆ ಸೋರಿಕೆ ಎಲ್ಲಿಂದ?

ತುಂಗಾತೀರ:
ಬಹಳ ಚೆನ್ನಾಗಿ ಪರೀಕ್ಷೆ ಮಾಡಿದ್ದೀರಿ. ಈಗ ಚಿತ್ರ ಸ್ಪಷ್ಟವಾಗುತ್ತಿದೆ. ಬ್ರೇಕರ್ ಕಡಿಯುವುದು ಫೇಸನ್ನು ಮಾತ್ರ. ನ್ಯೂಟ್ರಲ್ ತಂತಿಗಳೆಲ್ಲ ಒಂದೇ ಪಟ್ಟಿಗೆ ಸೇರಿಕೊಂಡು ಯಾವಾಗಲೂ ಜೋಡಣೆಯಲ್ಲೇ ಇರುತ್ತವೆ. ಯಾವುದೋ ಒಂದು ಉಪಕರಣದಲ್ಲಿ ನ್ಯೂಟ್ರಲಿಗೂ ಅರ್ಥಿಗೂ ನಡುವೆ ದಾರಿ ಉಂಟಾಗಿದ್ದರೆ, ಅದರ ಬ್ರೇಕರ್ ಆಫ್ ಮಾಡಿದರೂ ಆ ದಾರಿ ಮುಚ್ಚುವುದಿಲ್ಲ.

ಹೊರೆಯ ಮೇಲೆ ಟ್ರಿಪ್ ಅವಲಂಬಿಸಿರುವುದಕ್ಕೂ ಇದೇ ಕಾರಣ. ಮನೆಯ ಮುಖ್ಯ ಪ್ಯಾನೆಲ್ಲಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಒಂದಾಗಿರುತ್ತವೆ, ಟ್ರೇಲರಿನೊಳಗೆ ಮಾತ್ರ ಅವು ಬೇರೆಯಾಗಿಯೇ ಇರಬೇಕು. ಮೈಕ್ರೋವೇವಿನ 12 ಆಂಪ್ ಹಿಂದಿರುಗುವಾಗ ನ್ಯೂಟ್ರಲ್ ತಂತಿಯ ಉದ್ದಕ್ಕೂ ಒಂದೆರಡು ವೋಲ್ಟ್ ಬೀಳುತ್ತದೆ, ಆ ಒಂದೆರಡು ವೋಲ್ಟೇ ಟ್ರೇಲರಿನಲ್ಲಿ ನ್ಯೂಟ್ರಲಿಗೂ ಅರ್ಥಿಗೂ ನಡುವೆ ಕಾಣಿಸುತ್ತದೆ. ಅಲ್ಲಿ 100 ಓಮಿನ ದಾರಿಯಿದ್ದರೆ 10-20 ಮಿಲಿಆಂಪ್ ಅರ್ಥಿನ ಮೂಲಕ ಹೋಗಿಬಿಡುತ್ತದೆ. ದೀಪ, ಫ್ರಿಜ್ಜಿನ ಮೂರು ನಾಲ್ಕು ಆಂಪಿಗೆ ಆ ವೋಲ್ಟೇಜ್ ಅತ್ಯಲ್ಪವಾಗಿರುವುದರಿಂದ ಜಿಎಫ್‌ಸಿಐ ಸುಮ್ಮನಿರುತ್ತದೆ.

ಮೊದಲು ಅನುಮಾನಿಸಬೇಕಾದದ್ದು ನೀರಿನ ಹೀಟರಿನ ಕಾಯಿಲ್. ಟ್ಯಾಂಕಿನಲ್ಲಿ ನೀರಿಲ್ಲದಾಗ ಯಾರಾದರೂ ಸ್ವಿಚ್ ಹಾಕಿದ್ದರೆ ಅದು ಕ್ಷಣದಲ್ಲಿ ಸುಟ್ಟು ಸೀಳುತ್ತದೆ, ಆ ಸೀಳಿನಿಂದ ನೀರು ಒಳಗೆ ಹೋಗುತ್ತದೆ. ಟ್ರೇಲರಿನ ಮುಖ್ಯ ಕೇಬಲ್ಲನ್ನು ಸಂಪೂರ್ಣ ಕಿತ್ತು, ಕಾಯಿಲಿನ ಎರಡೂ ತಂತಿಗಳನ್ನು ಬಿಚ್ಚಿ ಓಮಿನಲ್ಲಿ ಅಳೆಯಿರಿ. ಎರಡು ತುದಿಗಳ ನಡುವೆ ಸುಮಾರು 10 ಓಮ್ ಬರಬೇಕು. ಯಾವ ತುದಿಯಿಂದಲೂ ಟ್ಯಾಂಕಿನ ಲೋಹಕ್ಕೆ ಮೀಟರ್ ಏನನ್ನೂ ತೋರಿಸಬಾರದು.

ಬೇಲೂರ್ ಬಾಯ್:
ಜಿಎಫ್‌ಸಿಐ ಬಗ್ಗೆ ಅಕ್ಕ ಹೇಳಿದ್ದು ಸರಿ, ಒಪ್ಪಿದೆ. ಆದರೆ ಎಸಿ ವಿಷಯದಲ್ಲಿ ನನ್ನ ಅನುಭವ ಹೇಳಲೇಬೇಕು. ನಮ್ಮ 13,500 ಬಿಟಿಯು ಎಸಿಗೆ ಸಾಫ್ಟ್ ಸ್ಟಾರ್ಟ್ ಸಾಧನ (ಶುರುವಾಗುವಾಗ ಎಳೆಯುವ ಕರೆಂಟನ್ನು ತಗ್ಗಿಸುವಂಥದ್ದು) ಹಾಕಿಸಿದ್ದೇವೆ, ಆಸ್ಟಿನ್ನಿನ ಬೇಸಿಗೆಯಲ್ಲಿ ಮನೆಯ ಸಾಕೆಟ್ಟಿನಲ್ಲೇ ಅದು ನಡೆಯುತ್ತಿದೆ.

ಅರಿಜೋನಾ ಅಕ್ಕ:
ನಿನ್ನ ಸಾಕೆಟ್ 20 ಆಂಪ್ ಸಾಲಿನದೇ, 15ರದೇ? ಎಕ್ಸ್‌ಟೆನ್ಷನ್ ಕೇಬಲ್ ಎಷ್ಟು ದಪ್ಪದ್ದು? ಅದನ್ನು ಹೇಳದೆ ನಡೆಯುತ್ತದೆ ಎಂದರೆ ಓದಿದವರು ಹುಲ್ಲು ಕತ್ತರಿಸುವ ಯಂತ್ರದ ಸಣಕಲು ವೈರನ್ನೇ ತಂದು ಹಾಕುತ್ತಾರೆ. ನೂರು ಅಡಿಯ 16 ಗೇಜ್ ವೈರಿನಲ್ಲಿ 12 ಆಂಪ್ ಹರಿದರೆ ಸುಮಾರು 9 ರಿಂದ 10 ವೋಲ್ಟ್ ವೈರಿನಲ್ಲೇ ನಷ್ಟವಾಗುತ್ತದೆ. ಅದೇ ಇನ್ನೂ ದಪ್ಪನೆಯ 12 ಗೇಜಿನಲ್ಲಿ ನಾಲ್ಕು ವೋಲ್ಟಿಗಿಂತ ಕಡಿಮೆ; ಗೇಜ್ ಸಂಖ್ಯೆ ಇಳಿದಷ್ಟೂ ವೈರು ದಪ್ಪ. ಇಲ್ಲಿ ಫೀನಿಕ್ಸಿನಲ್ಲಿ ಮಧ್ಯಾಹ್ನ ಎಲ್ಲರ ಎಸಿಗಳೂ ನಡೆಯುವಾಗ ಮನೆಗೆ ಬರುವ ವೋಲ್ಟೇಜೇ ಸ್ವಲ್ಪ ತಗ್ಗಿರುತ್ತದೆ. 105ಕ್ಕಿಂತ ಕೆಳಗೆ ಇಳಿದರೆ ಕಂಪ್ರೆಸರ್ ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಅದರ ಆಯುಷ್ಯ ಅಲ್ಲಿಗೇ ಕಡಿಮೆಯಾಗುತ್ತದೆ.

ಬೇಲೂರ್ ಬಾಯ್:
20 ಆಂಪ್ ಸಾಲು, 10 ಗೇಜಿನ 25 ಅಡಿ ಕೇಬಲ್, ಆ ಸಾಲಿನಲ್ಲಿ ಬೇರೇನೂ ಇಲ್ಲ.

ಅರಿಜೋನಾ ಅಕ್ಕ:
ಹಾಗಿದ್ದರೆ ನನ್ನ ಆಕ್ಷೇಪವಿಲ್ಲ. ಆದರೂ ಅರ್ಧ ಗಂಟೆ ನಡೆದ ಮೇಲೆ ಅಡಾಪ್ಟರನ್ನೂ ಪ್ಲಗ್ಗನ್ನೂ ಮುಟ್ಟಿ ನೋಡು. ಬೆಚ್ಚಗಿದ್ದರೆ ಸರಿ. ಹಿಡಿದುಕೊಳ್ಳಲಾಗದಷ್ಟು ಬಿಸಿಯಿದ್ದರೆ ಸಾಕೆಟ್ಟಿನ ಒಳಗಿನ ಹಿಡಿತ ಸಡಿಲವಾಗಿದೆ ಎಂದು ತಿಳಿ.

ಡೆಟ್ರಾಯಿಟ್ ದಾಸ:
ಸಂಚಾರಿಯವರ ಬ್ಯಾಟರಿಯ ಪ್ರಶ್ನೆ ಎಲ್ಲರ ಗಮನದಿಂದ ಜಾರುತ್ತಿದೆ. ಡಿಸ್‌ಕನೆಕ್ಟ್ ಸ್ವಿಚ್ ಸರಿಯಿದ್ದೂ 11.9 ವೋಲ್ಟ್ ಇದೆ ಎಂದರೆ ಫ್ಯೂಸ್ ಪೆಟ್ಟಿಗೆಯನ್ನು ತೆರೆಯಿರಿ. ದೀಪ, ಪಂಪುಗಳ ಸಣ್ಣ ಫ್ಯೂಸುಗಳ ಸಾಲಿನ ಪಕ್ಕದಲ್ಲಿ ಬೇರೆಯಾಗಿ ಎರಡು ದೊಡ್ಡ ಆಂಪಿನ ಫ್ಯೂಸುಗಳಿರುತ್ತವೆ. ಬ್ಯಾಟರಿಯ ಪ್ಲಸ್ ಮೈನಸ್ ಅದಲುಬದಲಾಗಿ ಜೋಡಿಸಿದರೆ ಕನ್ವರ್ಟರ್ ಉಳಿಯಲೆಂದು ಅವು ಸುಟ್ಟುಹೋಗುತ್ತವೆ. ಆ ಮೇಲೆ ತಂತಿಯನ್ನು ಸರಿಯಾಗಿ ಜೋಡಿಸಿದರೂ ಬ್ಯಾಟರಿಗೆ ಏನೂ ತಲುಪುವುದಿಲ್ಲ. ದೀಪಗಳಂತೂ ಕನ್ವರ್ಟರಿನಿಂದಲೇ ಉರಿಯುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಟ್ರೇಲರುಗಳಲ್ಲಿ ಕಪ್ಪು ತಂತಿ ಪ್ಲಸ್, ಬಿಳಿ ತಂತಿ ಮೈನಸ್ ಆಗಿರುವುದು ಸಾಮಾನ್ಯ. ಕಾರಿನಲ್ಲಿ ಕಪ್ಪೆಂದರೆ ಮೈನಸ್ ಎಂದು ರೂಢಿಯಾದ ಕೈಗಳು ಇಲ್ಲಿ ತಪ್ಪುತ್ತವೆ.

ಸ್ಯಾಕ್ರಮೆಂಟೊ ಸಂಚಾರಿ:
ದಾಸರೆ, ನೀವು ಹೇಳಿದ್ದು ಅಕ್ಷರಶಃ ನಿಜವಾಯಿತು. ಕಿತ್ತಳೆ ಬಣ್ಣದ 40 ಆಂಪಿನ ಎರಡು ಫ್ಯೂಸುಗಳು ಪಕ್ಕಪಕ್ಕದಲ್ಲಿದ್ದವು, ಎರಡರೊಳಗಿನ ತಂತಿಯೂ ಕರಗಿ ಪ್ಲಾಸ್ಟಿಕ್ಕಿಗೆ ಮಸಿ ಹಿಡಿದಿತ್ತು. ಹೊಸವನ್ನು ಹಾಕಿದ ಕೂಡಲೇ ಬ್ಯಾಟರಿಯ ಮೇಲೆ 13.6 ವೋಲ್ಟ್ ಕಾಣಿಸಿತು, ಕನ್ವರ್ಟರಿನ ಫ್ಯಾನು ಮೊದಲ ಬಾರಿಗೆ ಜೋರಾಗಿ ತಿರುಗಿತು. ಬ್ಯಾಟರಿ ಹಾಕಿಕೊಟ್ಟ ಅಂಗಡಿಯವರು ಈ ವಿಷಯವನ್ನು ಒಂದು ಮಾತಿನಲ್ಲಿ ಹೇಳಿದ್ದರೆ ಸಾಕಿತ್ತು.

ಡೆಟ್ರಾಯಿಟ್ ದಾಸ:
ಸಂತೋಷ. ಆದರೆ ಈಗ ಇನ್ನೊಂದು ಲೆಕ್ಕವನ್ನು ಗಮನದಲ್ಲಿಡಿ. ಖಾಲಿ ಬ್ಯಾಟರಿಯನ್ನು ತುಂಬುತ್ತಿರುವ 55 ಆಂಪಿನ ಕನ್ವರ್ಟರ್ ಮನೆಯ ಸಾಲಿನಿಂದ ಏಳೆಂಟು ಆಂಪ್ ಎಳೆಯಬಲ್ಲದು. ಅದು ಕಣ್ಣಿಗೆ ಕಾಣದ ಹೊರೆ. ಪ್ಲಗ್ ಹಾಕಿದ ಕೂಡಲೇ ಎಸಿ ಚಾಲೂ ಮಾಡಿದರೆ ಈ ಬಾರಿ ನಿಜವಾಗಿಯೂ ಬ್ರೇಕರ್ ಬೀಳುತ್ತದೆ. ಬ್ಯಾಟರಿ ತುಂಬುವವರೆಗೆ ಕಾಯಿರಿ. ನೀರಿನ ಹೀಟರನ್ನು ಮನೆಯ ಸಾಕೆಟ್ಟಿನಲ್ಲಿರುವಾಗ ಗ್ಯಾಸಿನಲ್ಲೇ ನಡೆಸಿ, ಏಕೆಂದರೆ ಅದರ ಕಾಯಿಲ್ ಒಂದೇ 12 ಆಂಪ್ ತಿನ್ನುತ್ತದೆ.

ಮೈಸೂರು ಮಲ್ಲಿಗೆ:
ಬ್ಯಾಟರಿ ತುಂಬಿದ ಮೇಲೂ ವರ್ಷವಿಡೀ ಪ್ಲಗ್ ಹಾಕಿಯೇ ಇಡಬಹುದೇ? ನಮ್ಮ ಮನೆಯ ಯುಪಿಎಸ್ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುತ್ತದೆ.

ಡೆಟ್ರಾಯಿಟ್ ದಾಸ:
ಅದೇ ಕಾರಣಕ್ಕೆ ನಾನು ಇಡುವುದಿಲ್ಲ. ಹಳೆಯ ಕನ್ವರ್ಟರುಗಳು ಸದಾ 13.6 ವೋಲ್ಟಿನಲ್ಲೇ ನಿಲ್ಲುತ್ತವೆ, ತಿಂಗಳುಗಟ್ಟಲೆ ಹಾಗಿದ್ದರೆ ಲೆಡ್-ಆಸಿಡ್ ಬ್ಯಾಟರಿಯ ನೀರು ಬತ್ತಿ ಪ್ಲೇಟುಗಳು ಹೊರಗೆ ಕಾಣುತ್ತವೆ. ತುಂಬಿದ ಮೇಲೆ ತಾನಾಗಿ 13.2ಕ್ಕೆ ಇಳಿಯುವ ಹೊಸ ಕನ್ವರ್ಟರುಗಳು ಇದಕ್ಕಿಂತ ಎಷ್ಟೋ ಮೇಲು. ಪೂರ್ತಿ ಖಾಲಿಯಾದ ಬ್ಯಾಟರಿ ಮಿಷಿಗನ್ನಿನ ಚಳಿಗೆ ಹೆಪ್ಪುಗಟ್ಟಿ ಒಡೆಯುತ್ತದೆ, ತುಂಬಿದ್ದು ಒಡೆಯುವುದಿಲ್ಲ. ಆದ್ದರಿಂದ ನಾನು ಬ್ಯಾಟರಿಯನ್ನು ತುಂಬಿಸಿ, ಕಳಚಿ, ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತೇನೆ.

ಕೊಡಚಾದ್ರಿ:
ಲಿಥಿಯಂಗೆ ಬದಲಾಯಿಸಿದರೆ ನೀರಿನ ಗೊಡವೆಯೇ ಇಲ್ಲ.

ಡೆಟ್ರಾಯಿಟ್ ದಾಸ:
ನೀರಿನ ಗೊಡವೆ ಇಲ್ಲ, ನಿಜ. ಆದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪೂರ್ತಿ ತುಂಬಲು 14.2ರಿಂದ 14.6 ವೋಲ್ಟ್ ಬೇಕು. ಹಳೆಯ ಕನ್ವರ್ಟರ್ ಅಷ್ಟು ಕೊಡುವುದಿಲ್ಲ, ಅದನ್ನೂ ಬದಲಾಯಿಸಬೇಕು. ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗ ಆ ಬ್ಯಾಟರಿಯನ್ನು ಚಾರ್ಜ್ ಮಾಡಲೂಬಾರದು.

ಕೊಲ್ಲೂರು ಕೃಷಿಕ:
ನಮ್ಮ ಗ್ಯಾರೇಜಿನಲ್ಲಿ ಎಲೆಕ್ಟ್ರಿಕ್ ಕಾರಿಗೆಂದು ಹಾಕಿಸಿದ 240 ವೋಲ್ಟ್, 50 ಆಂಪಿನ ನೆಮಾ 14-50 ಸಾಕೆಟ್ ಇದೆ. ಸಂಚಾರಿಯವರಿಗೂ ಅಂಥದ್ದಿದ್ದರೆ ಅದರಿಂದ 30 ಆಂಪಿಗೆ ಅಡಾಪ್ಟರ್ ಹಾಕಿ ಎಸಿ, ಮೈಕ್ರೋವೇವ್ ಎಲ್ಲವನ್ನೂ ನಡೆಸಬಹುದಲ್ಲವೇ?

ತುಂಗಾತೀರ:
ನಡೆಸಬಹುದು. ಸರಿಯಾದ ಅಡಾಪ್ಟರ್ ಎರಡು ಫೇಸುಗಳಲ್ಲಿ ಒಂದನ್ನು ಮಾತ್ರ ತೆಗೆದುಕೊಂಡು 120 ವೋಲ್ಟ್ ಕೊಡುತ್ತದೆ, ಟ್ರೇಲರಿನೊಳಗಿನ 30 ಆಂಪಿನ ಮುಖ್ಯ ಬ್ರೇಕರ್ ಹೊರೆಯನ್ನು ತಡೆಯುತ್ತದೆ. ಆದರೆ ಮೀಟರಿನಲ್ಲಿ ಅಳೆಯದೆ ಎಂದೂ ಜೋಡಿಸಬೇಡಿ. ನನ್ನ ಪರಿಚಯದವರೊಬ್ಬರು ಟ್ರೇಲರಿಗೆಂದು 30 ಆಂಪಿನ ಟಿಟಿ-30 ಸಾಕೆಟ್ ಹಾಕಿಸಿದರು. ಬಂದ ಎಲೆಕ್ಟ್ರಿಷಿಯನ್ 30 ಆಂಪ್ ಎಂದ ಕೂಡಲೇ ಬಟ್ಟೆ ಒಣಗಿಸುವ ಯಂತ್ರದ ಸಾಲಿನಂತೆ 240 ವೋಲ್ಟ್ ಕೊಟ್ಟುಬಿಟ್ಟ. ಕನ್ವರ್ಟರ್, ಮೈಕ್ರೋವೇವ್, ಫ್ರಿಜ್ಜಿನ ಫಲಕ ಎಲ್ಲವೂ ಒಂದೇ ಕ್ಷಣದಲ್ಲಿ ಸುಟ್ಟವು. ಟಿಟಿ-30ರಲ್ಲಿ ಫೇಸಿಗೂ ನ್ಯೂಟ್ರಲಿಗೂ ನಡುವೆ 120, ಫೇಸಿಗೂ ಅರ್ಥಿಗೂ ನಡುವೆ 120, ನ್ಯೂಟ್ರಲಿಗೂ ಅರ್ಥಿಗೂ ನಡುವೆ ಬಹುತೇಕ ಸೊನ್ನೆ ಬರಬೇಕು. ಎಲ್ಲಿಯಾದರೂ 240 ಕಂಡರೆ ಪ್ಲಗ್ಗನ್ನು ಹತ್ತಿರಕ್ಕೂ ತರಬೇಡಿ.

ಸ್ಯಾಕ್ರಮೆಂಟೊ ಸಂಚಾರಿ:
ನಮ್ಮಲ್ಲಿ ಕಾರಿನ ಸಾಕೆಟ್ ಇಲ್ಲ. ಟ್ರೇಲರಿಗಾಗಿಯೇ ಬೇರೆ ಟಿಟಿ-30 ಸಾಲು ಎಳೆಸಲು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಒಬ್ಬರನ್ನು ಕೇಳಿದ್ದೇನೆ, 120 ವೋಲ್ಟ್ ಎಂದು ಬರೆದೇ ಕೊಟ್ಟಿದ್ದೇನೆ.

ಹೀಟರಿನ ಕಾಯಿಲನ್ನೂ ಅಳೆದೆ. ಎರಡು ತುದಿಗಳ ನಡುವೆ 10.2 ಓಮ್ ಇತ್ತು. ನ್ಯೂಟ್ರಲ್ ಇದ್ದ ತುದಿಯಿಂದ ಟ್ಯಾಂಕಿಗೆ 60ರ ಆಸುಪಾಸಿನಲ್ಲಿ ಮುಳ್ಳು ಅಲುಗಾಡುತ್ತಿತ್ತು. ಕಾಯಿಲ್ ಹೊರತೆಗೆದಾಗ ಬಾಗಿದ ಕಡೆ ಕೂದಲೆಳೆಯಷ್ಟು ಸೀಳು, ಅದರ ಸುತ್ತ ಬಿಳಿ ಉಪ್ಪಿನ ಹುಡಿ. ಎರಡೂ ತಂತಿಗಳ ತುದಿಗೆ ಕ್ಯಾಪ್ ಹಾಕಿ ಪ್ಲಗ್ ಜೋಡಿಸಿದೆ. ಮೈಕ್ರೋವೇವ್ ಐದು ನಿಮಿಷ ನಡೆದರೂ ಜಿಎಫ್‌ಸಿಐ ಅಲುಗಲಿಲ್ಲ. ಹೊಸ ಕಾಯಿಲಿಗೆ ಆರ್ಡರ್ ಮಾಡಿದ್ದೇನೆ.

ಅರಿಜೋನಾ ಅಕ್ಕ:
ಹೊಸ ಕಾಯಿಲ್ ಹಾಕಿದ ಮೇಲೆ ಟ್ಯಾಂಕು ತುಂಬಿ, ಒಳಗಿನ ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಸರಾಗವಾಗಿ ಬರುವವರೆಗೆ ಅದರ ಸ್ವಿಚ್ ಮುಟ್ಟಬೇಡಪ್ಪ. ನೀರು ಬಂದ ಮೇಲೂ ಟ್ಯಾಂಕಿನ ಹೊರಗಿನ ಸುರಕ್ಷತಾ ವಾಲ್ವನ್ನು ಒಮ್ಮೆ ಎತ್ತಿ ನೋಡು, ಅಲ್ಲಿಂದಲೂ ನೀರು ಚಿಮ್ಮಬೇಕು.